ಸಹನೆಗೆ ಬೇಕಾದ ಹೊತ್ತು



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ಒಂದು ಸಣ್ಣ ಪ್ರಶ್ನೆ ಇಟ್ಟುಕೊಂಡಿದ್ದೇನೆ. ಗುರುತಿಲ್ಲದ ದೊಡ್ಡ ಊರಿನಲ್ಲಿ, ಜನರೆಲ್ಲ ಕೆಲಸಕ್ಕೆ ಓಡುವ ಹೊತ್ತಿನಲ್ಲಿ ಗಾಡಿ ಓಡಿಸಬೇಕಾದಾಗ ನಮ್ಮ ಶೀಲ ಎಲ್ಲಿರುತ್ತದೆ?

ಸ್ಟೇರಿಂಗ್ ಹಿಡಿದವನ ಸಹನೆಯಲ್ಲಿ ಎಂದು ಹೆಚ್ಚಿನವರು ಹೇಳುತ್ತಾರೆ. ಸುಮ್ಮಸುಮ್ಮನೆ ಹಾರ್ನ್ ಹೊಡೆಯಬಾರದು, ಬೈಯಬಾರದು, ಕೆಂಪು ದೀಪ ದಾಟಬಾರದು. ಎಲ್ಲವೂ ನಿಜ. ಆದರೆ ಒಂಬತ್ತಕ್ಕೆ ಮುಟ್ಟಬೇಕಾದವನು ಎಂಟೂವರೆಗೆ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಬಿದ್ದಿದ್ದರೆ ಸಹನೆಯ ಪಾಠ ಅವನ ಕಿವಿಗೆ ಹೋಗುವುದೇ? ಸಹನೆಗೂ ಹೊತ್ತು ಬೇಕು. ಆ ಹೊತ್ತನ್ನು ಹಿಂದಿನ ದಿನವೇ ತೆಗೆದಿಟ್ಟಿರಬೇಕು. ಶೀಲದ ಪರೀಕ್ಷೆ ಸಿಗ್ನಲ್ಲಿನಲ್ಲಿ ನಡೆಯಬಹುದು, ಅದರ ತಯಾರಿ ಮಾತ್ರ ಮನೆಯಲ್ಲೇ ಆಗಬೇಕು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಹಚ್ಚೊಳ್ಳಿಯ ಕೇರಿಯಿಂದ ಒಬ್ಬ ತಾಯಿಯನ್ನು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರಬೇಕು. ಕೇರಿಯ ಹುಡುಗನೊಬ್ಬ ಸಾಲ ಮಾಡಿ ಕಾರು ತೆಗೆದುಕೊಂಡಿದ್ದ. ಸಿರುಗುಪ್ಪ, ಬಳ್ಳಾರಿ, ಆದೋನಿ ದಾರಿಯಲ್ಲಿ ಒಳ್ಳೆಯ ಕೈ. ಸುಗ್ಗಿಯಲ್ಲಿ ರಸ್ತೆ ತುಂಬ ಭತ್ತದ ಟ್ರ್ಯಾಕ್ಟರುಗಳಿದ್ದರೂ ತಾಳ್ಮೆಯಿಂದ ಓಡಿಸುವವನು. ಆದರೆ ಬೆಂಗಳೂರಿನೊಳಗೆ ಒಮ್ಮೆಯೂ ಗಾಡಿ ಹೊಡೆದವನಲ್ಲ. ರಾತ್ರಿ ಊಟ ಮಾಡಿ ಹೊರಟರೆ ಬೆಳಗಾಗುವಷ್ಟರಲ್ಲಿ ಮುಟ್ಟಬಹುದು ಎಂದು ಮನೆಯವರ ಲೆಕ್ಕ.

ಬೆಂಗಳೂರು ಗೊತ್ತಿರುವ ಬೇರೆ ಡ್ರೈವರನ್ನು ಕರೆದರೆ ಹೇಗೆ ಎಂದು ನಾನು ಕೇಳಿದೆ. ಹಿರಿಯರೊಬ್ಬರಿಗೆ ನೋವಾಯಿತು. “ನಮ್ಮ ಹುಡುಗ ಅದಾನ, ನಮ್ಮ ಗಾಡಿ ಐತಿ. ಮತ್ತೊಬ್ಬರ ಕೈಯಾಗ ಯಾಕ ಕೊಡಬೇಕು ಸಾರ್? ಇಷ್ಟು ದಿನ ಮಂದಿ ಗಾಡ್ಯಾಗ ಮುದುಡಿಕೊಂಡು ಕುಂತದ್ದು ಸಾಲದಾ?”

ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬಂಡಿ ಹತ್ತಲು ಬಿಡದ, ಹತ್ತಿದರೂ ಮೂಲೆಯಲ್ಲಿ ಕೂರಿಸಿದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ನಮ್ಮ ಹುಡುಗ ತನ್ನದೇ ಕಾರಿನ ಸ್ಟೇರಿಂಗ್ ಹಿಡಿದು ರಾಜಧಾನಿಗೆ ಹೋಗುವುದು ಸ್ವಾಭಿಮಾನದ ಸಂಗತಿಯೇ. ಹಾಗಾದರೆ ‘ಇವನಿಂದ ಆಗುತ್ತದೆಯೇ’ ಎಂದು ಕೇಳುವುದು ಅವಮಾನವೇ? ನನಗೆ ಆಗ ನೆನಪಾದದ್ದು ಬಾಬಾಸಾಹೇಬರ ಬದುಕಿನ ಒಂದು ಘಟನೆ.

1929ರಲ್ಲಿ ಬಾಬಾಸಾಹೇಬರು ಮುಂಬಯಿ ಸರ್ಕಾರದ ಸಮಿತಿಯೊಂದರ ಸದಸ್ಯರಾಗಿ ಅಸ್ಪೃಶ್ಯರ ಕುಂದುಕೊರತೆ ವಿಚಾರಿಸುತ್ತ ತಿರುಗುತ್ತಿದ್ದರು. ಧುಳೆ ರೈಲು ಮಾರ್ಗದ ಹಳ್ಳಿಯೊಂದಕ್ಕೆ ಹೋಗಿ ಮರಳುವಾಗ ಅಲ್ಲಿನ ನಮ್ಮ ಜನರ ಒತ್ತಾಯಕ್ಕೆ ಚಾಳೀಸಗಾಂವ್‌ನಲ್ಲಿ ತಂಗಲು ಒಪ್ಪಿದ್ದರು. ಸ್ಟೇಷನ್ನಿನಿಂದ ಮಹಾರವಾಡಕ್ಕೆ ಕರೆದೊಯ್ಯಲು ಟಾಂಗಾದವರು ಒಬ್ಬರೂ ಒಪ್ಪಲಿಲ್ಲ. ಅಸ್ಪೃಶ್ಯನನ್ನು ಕೂರಿಸಿಕೊಂಡು ಟಾಂಗಾ ಹೊಡೆಯುವುದು ಅವರಿಗೆ ಕೀಳು. ತಮ್ಮ ನಾಯಕ ನಡೆದು ಬರುವುದು ಕೇರಿಯವರಿಗೆ ಒಪ್ಪಿಗೆಯಿಲ್ಲ. ಕೊನೆಗೆ ಟಾಂಗಾದ ಒಡೆಯ ಟಾಂಗಾ ಬಾಡಿಗೆಗೆ ಕೊಡಲು ಒಪ್ಪಿದ, ಹೊಡೆಯಲು ಬರುವುದಿಲ್ಲ ಎಂದ. ಕೇರಿಯವನೊಬ್ಬ ಲಗಾಮು ಹಿಡಿದ. ಅವನು ಹಿಂದೆ ಎಂದೂ ಟಾಂಗಾ ಹೊಡೆದವನಲ್ಲ. ನದಿಯ ಮೋರಿಸೇತುವೆಯ ಮೇಲೆ ಗಾಲಿ ಕಲ್ಲಿಗೆ ಸಿಕ್ಕಿ ಬಾಬಾಸಾಹೇಬರು ಎಸೆಯಲ್ಪಟ್ಟರು. ಕಾಲಿನ ಮೂಳೆ ಮುರಿಯಿತು, ಹಲವು ದಿನ ಓಡಾಡುವಂತಿರಲಿಲ್ಲ. ಕುದುರೆ, ಗಾಡಿ ಎರಡೂ ನದಿಗೆ ಬಿದ್ದವು.

ಈ ಘಟನೆಯನ್ನು ಅವರೇ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಮೂಲ ತಪ್ಪು ಟಾಂಗಾದವರ ಜಾತಿಯ ಅಹಂಕಾರದ್ದು, ಅದರಲ್ಲಿ ಅನುಮಾನವಿಲ್ಲ. ಬ್ಯಾರಿಸ್ಟರ್ ಆದರೂ ಅಸ್ಪೃಶ್ಯ ತನಗಿಂತ ಕೀಳೇ ಎಂದು ಟಾಂಗಾ ಹೊಡೆಯುವವನೂ ತಿಳಿದಿದ್ದ ಎಂಬುದನ್ನು ಅವರು ಅಲ್ಲಿ ಎತ್ತಿ ಹೇಳುತ್ತಾರೆ. ಆದರೆ ಇನ್ನೊಂದನ್ನೂ ಅವರು ಮುಚ್ಚಿಡುವುದಿಲ್ಲ. ತಮ್ಮ ಗೌರವ ಕಾಯಲು ಹೋದ ನಮ್ಮವರು ತಮ್ಮ ಜೀವವನ್ನೇ ಅಪಾಯಕ್ಕೆ ಒಡ್ಡಿದರು ಎಂದು ದಾಖಲಿಸುತ್ತಾರೆ. ಲಗಾಮು ಹಿಡಿದವನ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ಅವನಿಗೆ ಟಾಂಗಾ ಹೊಡೆಯಲು ಬರುತ್ತಿರಲಿಲ್ಲ, ಅಷ್ಟೇ.

ಬೌದ್ಧ ಧಮ್ಮದಲ್ಲಿ ಒಳ್ಳೆಯ ಕರ್ಮಕ್ಕೆ ‘ಕುಸಲ’ ಎನ್ನುತ್ತಾರೆ. ಪಾಲಿಯ ಈ ಮಾತಿಗೆ ಒಳಿತು ಎಂಬ ಅರ್ಥವೂ ಇದೆ, ನೈಪುಣ್ಯ ಎಂಬ ಅರ್ಥವೂ ಇದೆ. ನಮ್ಮ ಕನ್ನಡದ ‘ಕುಶಲ’, ‘ಕುಶಲಕರ್ಮಿ’, ‘ಕೌಶಲ’ ಅದೇ ಬಳಗದವು. ಒಳ್ಳೆಯ ಮನಸ್ಸು ಒಂದು ಕಡೆ, ಕೆಲಸ ಬಲ್ಲ ಕೈ ಇನ್ನೊಂದು ಕಡೆ ಎಂದು ಆ ಮಾತು ಬೇರ್ಪಡಿಸುವುದಿಲ್ಲ. ಹಾಗಾಗಿ ‘ಇವನಿಂದ ಆಗುತ್ತದೆಯೇ’ ಎಂದು ಕೇಳಿ ಕೈಬಿಡುವುದು ಅವಮಾನ. ‘ಇವನಿಂದ ಆಗಬೇಕಾದರೆ ಏನೇನು ಬೇಕು’ ಎಂದು ಕೂತು ಲೆಕ್ಕ ಹಾಕುವುದು ಮೈತ್ರಿ.

ನಾವು ಹಾಗೇ ಲೆಕ್ಕ ಹಾಕಿದೆವು. ಸಿರುಗುಪ್ಪದಿಂದ ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ತುಮಕೂರು ಹಾದು ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್. ರಾತ್ರಿಯಿಡೀ ಓಡಿಸಿದರೆ ನೆಲಮಂಗಲ ಮುಟ್ಟುವಾಗ ಹುಡುಗನ ಕಣ್ಣಲ್ಲಿ ನಿದ್ದೆ, ಎದುರಿಗೆ ಊರಿನ ಬೆಳಗಿನ ನೂಕುನುಗ್ಗಲು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ. ತುಮಕೂರು ರಸ್ತೆಯ ಮಾದಾವರದಿಂದ ಕಿದ್ವಾಯಿಗೆ 20 ಕಿಲೋಮೀಟರಿಗೂ ಹೆಚ್ಚು. ಅಂದರೆ ಸರಾಸರಿ ಹಿಡಿದರೂ ಒಂದು ಗಂಟೆ ದಾಟುತ್ತದೆ, ಆಫೀಸಿನ ಹೊತ್ತಿನಲ್ಲಿ ಇನ್ನೂ ಹೆಚ್ಚು. ಹಿಂದಿನ ದಿನ ಮಧ್ಯಾಹ್ನ ಹೊರಟರೆ ಸಂಜೆಯ ನೂಕುನುಗ್ಗಲಿಗೆ ಸಿಗುತ್ತೇವೆ. ಉಳಿದದ್ದು ಒಂದೇ ದಾರಿ. ಹಿಂದಿನ ದಿನ ನಸುಕಿನಲ್ಲಿ ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ಊರು ಹೊಕ್ಕು, ರಾತ್ರಿ ಆಸ್ಪತ್ರೆಯ ಹತ್ತಿರವೇ ತಂಗುವುದು. ನಮ್ಮ ಊರಿನವನೇ ಒಬ್ಬ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಅವನು ನೆಲಮಂಗಲದಲ್ಲಿ ಕಾರು ಹತ್ತಿ ದಾರಿ ತೋರಿಸುವುದು.

ಇಲ್ಲಿ ನಿಜವಾದ ಕಷ್ಟ ಎದುರಾಯಿತು. ಒಂದು ದಿನ ಮೊದಲೇ ಹೊರಡುವುದೆಂದರೆ ಆ ತಾಯಿಯ ಮಗನಿಗೆ ಒಂದು ದಿನದ ಕೂಲಿ ಹೋಯಿತು, ಕಾರಿನ ಹುಡುಗನಿಗೆ ಒಂದು ದಿನದ ಬಾಡಿಗೆ ಹೋಯಿತು, ದಾರಿ ತೋರಿಸುವವನಿಗೂ ಕೆಲಸ ತಪ್ಪಿತು. ‘ಮುಂಚಿತವಾಗಿ ಯೋಚಿಸಿ’ ಎಂದು ಬುದ್ಧಿ ಹೇಳುವುದು ಸಂಬಳದವರಿಗೆ, ಅಂದರೆ ನನ್ನಂಥವರಿಗೆ, ಸುಲಭ. ಬಡವನ ಅವಸರಕ್ಕೆ ಅವನ ಅಜಾಗರೂಕತೆ ಒಂದೇ ಕಾರಣವಲ್ಲ. ಅವನ ಬಳಿ ಕಳೆದುಕೊಳ್ಳಲು ಹೆಚ್ಚಿನ ದಿನಗಳಿಲ್ಲ. ಆದ್ದರಿಂದ ಅವನ ಅವಸರವನ್ನು ಅವನೊಬ್ಬನ ದೋಷವೆನ್ನುವುದು ಧಮ್ಮವಲ್ಲ. ನಮ್ಮ ಅಧ್ಯಯನ ಬಳಗದವರು ಆ ಮೂವರ ಒಂದು ದಿನದ ನಷ್ಟವನ್ನು ಹಂಚಿಕೊಂಡರು. ಸಂಘವೆಂದರೆ ಇದೂ ಹೌದು: ಒಬ್ಬನಿಗೆ ಸಹನೆಯಿಂದಿರಲು ಬೇಕಾದ ಹೊತ್ತನ್ನು ಹತ್ತು ಜನ ಸೇರಿ ಒದಗಿಸುವುದು.

ಹುಡುಗನೇ ಓಡಿಸಿದ. ದಾರಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಯಶವಂತಪುರದ ಬಳಿ ಹಿಂದಿನಿಂದ ಆಂಬುಲೆನ್ಸ್ ಬಂದಾಗ ಎಡಕ್ಕೆ ಸರಿದು ದಾರಿ ಬಿಟ್ಟನಂತೆ. ದಾರಿ ಬಿಡದಿದ್ದರೆ 10,000 ರೂಪಾಯಿ ದಂಡವಿದೆ, 2019ರ ತಿದ್ದುಪಡಿಯ ಕಾನೂನು. ಆದರೆ ಅವನು ಬಿಟ್ಟದ್ದು ದಂಡಕ್ಕೆ ಹೆದರಿ ಅಲ್ಲ, ಅವನಿಗೆ ಬಿಡಲು ಪುರಸೊತ್ತಿತ್ತು. ಅವಸರದಲ್ಲಿದ್ದಿದ್ದರೆ ಅದೇ ಹುಡುಗ ಆಂಬುಲೆನ್ಸಿನ ಬೆನ್ನು ಹಿಡಿದು ನುಗ್ಗಲು ನೋಡುತ್ತಿದ್ದನೋ ಏನೋ. ಮನುಷ್ಯ ಅವನೇ, ಹೊತ್ತು ಬೇರೆ.

ಬುದ್ಧರು ಹೇಳಿದ ತೆಪ್ಪದ ಉಪಮೆ ನಿಮಗೆಲ್ಲ ಗೊತ್ತು. ದಡ ಸೇರಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ತಿರುಗಬೇಡ ಎಂಬ ಕೊನೆಯ ಭಾಗವನ್ನು ನಾವು ಎಲ್ಲ ಪ್ರವಚನಗಳಲ್ಲೂ ಹೇಳುತ್ತೇವೆ. ಮೊದಲ ಭಾಗ ಸರಿದುಹೋಗುತ್ತದೆ. ಆ ಮನುಷ್ಯ ನದಿ ಕಂಡ ಕೂಡಲೇ ಧುಮುಕಲಿಲ್ಲ. ಈಚೆ ದಡದಲ್ಲಿ ನಿಂತು ಹುಲ್ಲು, ಕಡ್ಡಿ, ಕೊಂಬೆ ಕೂಡಿಸಿ ತೆಪ್ಪ ಕಟ್ಟಿದ. ದಾಟುವ ಕೆಲಸ ಅಲ್ಲಿಂದಲೇ ಶುರುವಾಗಿತ್ತು. ಅಪ್ರಮಾದ ಎಂದರೆ ಅದೇ.

ಇಂದಿನ ಅಭ್ಯಾಸಕ್ಕೆ ಮೂರು ಪ್ರಶ್ನೆಗಳು. ನಾಳೆ ಯಾವ ಕೆಲಸದಲ್ಲಿ ನನಗೆ ಸಿಟ್ಟು ಬರುವುದು ಖಚಿತ, ಅದಕ್ಕೆ ಇವತ್ತೇ ಎಷ್ಟು ಹೊತ್ತು ತೆಗೆದಿಡಬಲ್ಲೆ? ಪ್ರೀತಿಯಿಂದ ಒಪ್ಪಿಕೊಂಡ ಕೆಲಸದಲ್ಲಿ ನಾನು ಇನ್ನೂ ಕಲಿಯಬೇಕಾದದ್ದು ಏನು? ನಮ್ಮ ಕೇರಿಯಲ್ಲಿ ಯಾರ ಅವಸರವನ್ನು ನಾವು ಹಂಚಿಕೊಳ್ಳಬಹುದು? ಮೂರನೆಯದಕ್ಕೆ ಉತ್ತರ ಹೊಳೆದವರು ದಯವಿಟ್ಟು ಭಾನುವಾರದ ಸಭೆಯಲ್ಲಿ ತಿಳಿಸಿ.

ಜೈಭೀಮ್. ನಮೋ ಬುದ್ಧಾಯ.