ಸಿಂಗಳೀಕ ಮತ್ತು ಸಮುದ್ರ ಸೌತೆ

ಕಾರ್ಕಳದಿಂದ ಹೆಬ್ರಿಯ ಮಾರ್ಗವಾಗಿ ಆಗುಂಬೆ ಘಟ್ಟವನ್ನೇರಿ ಹೊಂಬುಜಕ್ಕೆ ಯಾತ್ರೆ ಹೋಗುವ ನಮ್ಮ ಕುಟುಂಬಗಳು ಸೋಮೇಶ್ವರ ಅಭಯಾರಣ್ಯವನ್ನು ಹಾದುಹೋಗುತ್ತವೆ. 1974ರಲ್ಲಿ ಘೋಷಿತವಾದ ಈ ಕಾಡಿನ ಮರದ ತುದಿಗಳಲ್ಲಿ ಸಿಂಗಳೀಕಗಳಿವೆ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲ. ಪಶ್ಚಿಮ ಘಟ್ಟವೊಂದೇ ಇವುಗಳ ನೆಲೆ; ಕಾಡಿನಲ್ಲಿ ಉಳಿದಿರುವವು ಕೆಲವೇ ಸಾವಿರ.

ಕಾಪುವಿನ ದೀಪಸ್ತಂಭದಿಂದ ಕಾಣುವ ಅರಬ್ಬೀ ಸಮುದ್ರದಲ್ಲಿ, ದೂರದ ಲಕ್ಷದ್ವೀಪದ ಸುತ್ತ, ಅಪಾಯಕ್ಕೊಳಗಾದ ಇನ್ನೊಂದು ಜೀವವಿದೆ: ಸಮುದ್ರ ಸೌತೆ. ಹೆಸರು ತರಕಾರಿಯದು, ಆದರೆ ಅದು ಪ್ರಾಣಿ. ಕಣ್ಣಿಲ್ಲ, ಮಿದುಳಿಲ್ಲ. ಮರಳನ್ನು ನುಂಗಿ, ಅದರೊಳಗಿನ ಕೊಳೆತ ಅಂಶವನ್ನು ಉಂಡು, ಮರಳನ್ನು ಮತ್ತೆ ಹೊರಹಾಕುತ್ತ ಕಡಲ ತಳವನ್ನು ಶುಚಿಗೊಳಿಸುತ್ತದೆ. ಪೂರ್ವ ಏಷ್ಯದ ಭೋಜನಪ್ರಿಯರಿಗಾಗಿ ಅದನ್ನು ಹಿಡಿದು, ಬೇಯಿಸಿ, ಒಣಗಿಸಿ ಕಳ್ಳಸಾಗಣೆ ಮಾಡುತ್ತಾರೆ. 2001ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಲಾಯಿತು. 2020ರಲ್ಲಿ ಲಕ್ಷದ್ವೀಪದಲ್ಲಿ ಅದಕ್ಕೆಂದೇ 239 ಚದರ ಕಿಲೋಮೀಟರ್ ಕಡಲನ್ನು ಮೀಸಲಿಟ್ಟರು.

ಇವೆರಡರಲ್ಲಿ ಯಾವುದಕ್ಕೆ ನಮ್ಮ ದಯೆ ಮೊದಲು ಸಲ್ಲಬೇಕು? ಸಿಂಗಳೀಕ ಮನಸ್ಸುಳ್ಳ ಪಂಚೇಂದ್ರಿಯ ಜೀವ. ಸಮುದ್ರ ಸೌತೆಯನ್ನು ಶಂಖ, ಹುಳುಗಳ ಸಾಲಿನಲ್ಲಿ ದ್ವೀಂದ್ರಿಯವೆಂದು ಎಣಿಸಬೇಕಾದೀತು. ಇಂದ್ರಿಯ ಹೆಚ್ಚಿದಷ್ಟೂ ಹಿಂಸೆಯ ಭಾರ ಹೆಚ್ಚೆಂಬುದು ನಿಜ. ಆದರೆ ಶ್ರಾವಕನ ಅಹಿಂಸಾಣುವ್ರತ ಗೆರೆ ಎಳೆಯುವುದು ಎರಡಕ್ಕೂ ಐದಕ್ಕೂ ನಡುವೆ ಅಲ್ಲ. ಸ್ಥಾವರಕ್ಕೂ ತ್ರಸಕ್ಕೂ ನಡುವೆ. ಎರಡೂ ತ್ರಸಜೀವಗಳೇ. ಒಂದರ ಮುಖ ನಮ್ಮ ಮುಖವನ್ನು ಹೋಲುವುದರಿಂದ ಕನಿಕರ ಬೇಗ ಹುಟ್ಟುತ್ತದೆ, ಅಷ್ಟೆ.

ನನಗೆ ಹೆಚ್ಚು ಕಾಡುವುದು ಬೇರೊಂದು ಭೇದ. ಸಮುದ್ರ ಸೌತೆಗೆ ಆಗುವುದು ಸಂಕಲ್ಪೀ ಹಿಂಸೆ: ಕೊಲ್ಲಲೆಂದೇ ಹಿಡಿಯುವುದು. ನಾವು ಅದನ್ನು ತಿನ್ನುವವರಲ್ಲ, ಮಾರುವವರಲ್ಲ; ಖಂಡಿಸುವುದು ಸುಲಭ. ಸಿಂಗಳೀಕಕ್ಕೆ ಆಗುವುದು ಬಹುಮಟ್ಟಿಗೆ ಆರಂಭೀ, ಉದ್ಯೋಗೀ ಹಿಂಸೆ. ಕೊಂಬೆಯಿಂದ ಕೊಂಬೆಗೆ ದಾಟಿ ಬದುಕುವ ಪ್ರಾಣಿಗೆ ರಸ್ತೆ, ತೋಟ, ವಿದ್ಯುತ್ ಮಾರ್ಗಗಳು ಕಾಡನ್ನು ತುಂಡರಿಸಿದರೆ ದಾರಿಯೇ ಇಲ್ಲವಾಗುತ್ತದೆ. ಕೊಲ್ಲುವ ಇಚ್ಛೆ ಯಾರಿಗೂ ಇಲ್ಲ. ಆ ರಸ್ತೆಯಲ್ಲಿ ಹೋಗುವವರು ಮಾತ್ರ ನಾವೇ. ಸಂಕಲ್ಪವಿಲ್ಲದ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ಹಿರಿಯರು ಒಪ್ಪಿದ್ದಾರೆ. ತಿಳಿದ ಮೇಲೂ ಪ್ರಮಾದದಿಂದ ನಡೆದರೆ ಅದೇ ವಿನಾಯಿತಿ ದೊರೆಯುವುದೆ?

ಘಟ್ಟದ ತಿರುವಿನಲ್ಲಿ ವಾಹನ ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು ಎಸೆಯುವುದನ್ನು ನಾವು ಪುಣ್ಯವೆಂದೇ ಭಾವಿಸಿದ್ದೇವೆ. ಆ ಹಣ್ಣು ಅವುಗಳನ್ನು ಮರದಿಂದ ಚಕ್ರದ ಬಳಿಗೆ ಇಳಿಸುತ್ತದೆ. ಬಸದಿಗಳ ಆಡಳಿತ ಮಂಡಳಿಗಳು ಮುಂದಿನ ಯಾತ್ರೆಯ ಪ್ರಕಟಣೆಯಲ್ಲಿ ಇಷ್ಟನ್ನಾದರೂ ಅಚ್ಚುಹಾಕಿಸಲಿ: ಸೋಮೇಶ್ವರದಿಂದ ಆಗುಂಬೆಯವರೆಗೆ ವಾಹನ ನಿಧಾನವಾಗಿ ಸಾಗಲಿ, ಹಣ್ಣಿನ ಚೀಲ ಮುಚ್ಚಿರಲಿ.