ಎಳೆಯರ ಪ್ರಕೃತಿಪಾಠವೂ ಉಪಾಧ್ಯಾಯರ ಧರ್ಮವೂ

ಛಾಂದೋಗ್ಯೋಪನಿಷತ್ತಿನಲ್ಲಿ ಬರುವ ಸತ್ಯಕಾಮ ಜಾಬಾಲನ ವೃತ್ತಾಂತವು ವಾಚಕರಲ್ಲಿ ಅನೇಕರಿಗೆ ತಿಳಿದುದೇ ಆಗಿದೆ. ಗೋತ್ರವನ್ನರಿಯದ ಆ ಬಾಲಕನನ್ನು ಹಾರಿದ್ರುಮತ ಗೌತಮರು ಶಿಷ್ಯನನ್ನಾಗಿ ಸ್ವೀಕರಿಸಿ, ಉಪನಯನವಾದೊಡನೆಯೇ ನಾನೂರು ಬಡಕಲು ಹಸುಗಳನ್ನು ಬೇರ್ಪಡಿಸಿ, ಅವುಗಳ ಹಿಂದೆ ಹೋಗುವಂತೆ ಅಪ್ಪಣೆಮಾಡಿದರು. ಅವು ಸಾವಿರವಾಗುವವರೆಗೆ ಹಿಂದಿರುಗೆನೆಂದು ಹೊರಟ ಹುಡುಗನು ಬಹು ವರ್ಷಗಳು ಹೊರಗೇ ಉಳಿದನು. ಅವನಿಗೆ ಬ್ರಹ್ಮದ ಒಂದೊಂದು ಪಾದವನ್ನು ತಿಳಿಸಿದವರು ವೃಷಭ, ಅಗ್ನಿ, ಹಂಸ, ಮದ್ಗುವೆಂಬ ನೀರುಹಕ್ಕಿ. ಪ್ರಕೃತಿಶಿಕ್ಷಣದ ಪಕ್ಷಪಾತಿಗಳು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದುಂಟು. ಆದರೆ ಕಥೆಯು ಇಲ್ಲಿಗೆ ಮುಗಿಯದು. ಮರಳಿ ಬಂದವನ ಮುಖದ ಕಾಂತಿಯನ್ನು ಕಂಡು ಗೌತಮರು ಅವನಿಗೆ ಬೋಧಿಸಿದವರಾರೆಂದು ಕೇಳುತ್ತಾರೆ. ಮನುಷ್ಯರಿಂದ ಅನ್ಯರಾದವರೆಂದು ಅವನು ಉತ್ತರ ಕೊಡುತ್ತಾನೆ. ಆದರೂ ಆಚಾರ್ಯರ ಬಾಯಿಂದಲೇ ಕೇಳಬೇಕೆಂದು ಬೇಡುತ್ತಾನೆ. ಗೌತಮರು ಅದನ್ನೇ, ಏನನ್ನೂ ಬಿಡದೆ, ಉಪದೇಶಿಸುತ್ತಾರೆ.

ಈ ಕಥೆಯಲ್ಲಿ ಹಸು, ಬೆಂಕಿ, ಹಕ್ಕಿಗಳಷ್ಟೇ ಮುಖ್ಯವಾದುದು ಗೌತಮರು ಕೇಳಿದ ಆ ಪ್ರಶ್ನೆ. ಶಿಷ್ಯನು ಬೇರೆಲ್ಲಿಯೋ ಕಲಿತು ಬಂದಿರುವನೆಂಬುದನ್ನು ಅವರು ಮೊದಲು ಗುರುತಿಸಿದರು, ಅದಕ್ಕಾಗಿ ಅಸಮಾಧಾನಪಡಲಿಲ್ಲ, ಅದನ್ನು ಅವಿದ್ಯೆಯೆಂದು ತಳ್ಳಲೂ ಇಲ್ಲ, ಅನಂತರ ತಾವು ಮಾಡತಕ್ಕುದನ್ನು ಪೂರ್ತಿಯಾಗಿ ಮಾಡಿದರು. ಎಳೆಯ ಮಕ್ಕಳನ್ನು ಶಾಲೆಯ ಗೋಡೆಯಿಂದಾಚೆ ಕರೆದೊಯ್ದು ಗಿಡಮರ, ಮೃಗಪಕ್ಷಿ, ಕೆರೆಕುಂಟೆಗಳ ನಡುವೆ ಪಾಠ ಹೇಳಬೇಕೆಂಬ ಅಭಿಪ್ರಾಯವು ಈಗ ಬಲವಾಗುತ್ತಿರುವಾಗ, ಕಥೆಯ ಈ ಎರಡು ಭಾಗಗಳನ್ನೂ ಒಟ್ಟಿಗೆ ನೆನೆಯುವುದು ಯುಕ್ತ.

ಆ ಅಭಿಪ್ರಾಯಕ್ಕೆ ಈಗ ಸರ್ಕಾರದ ಬೆಂಬಲವೂ ಇದೆ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ಆದೇಶಿಸಿತು. 2020ರ ರಾಷ್ಟ್ರೀಯ ಶಿಕ್ಷಣನೀತಿಯು 6ರಿಂದ 8ನೆಯ ತರಗತಿಯ ಮಕ್ಕಳಿಗೆ ಪುಸ್ತಕದ ಚೀಲವಿಲ್ಲದ ಹತ್ತು ದಿನಗಳನ್ನು ಹೇಳಿತು. ಅರಣ್ಯ ಇಲಾಖೆಯ ಚಿಣ್ಣರ ವನದರ್ಶನವು ಶಾಲಾಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಇವೆಲ್ಲವೂ ಸಂತೋಷದ ಸಂಗತಿಗಳೇ. ಯೂರೋಪಿನ ಡೆನ್ಮಾರ್ಕಿನಲ್ಲಿ 1950ರ ದಶಕದಿಂದ ಬೆಳೆದುಬಂದ ಅರಣ್ಯ ಶಿಶುವಿಹಾರಗಳನ್ನು ನಿದರ್ಶನವಾಗಿ ಹೇಳುವವರೂ ಉಂಟು. ಬೆಂಗಳೂರಿನಲ್ಲಿ ಹತ್ತನೆಯ ಅಂತಸ್ತಿನ ಮೇಲೆ ಹುಟ್ಟಿ, ಮಣ್ಣನ್ನು ಹೂಕುಂಡದಲ್ಲಿ ಮಾತ್ರ ಕಂಡ ಕೂಸಿಗೆ ಇಂಥ ವಿಹಾರವು ದೊಡ್ಡ ದಾನವೆಂಬುದರಲ್ಲಿ ವಿವಾದವಿಲ್ಲ.

ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕೂಡಿ ಆಗಿರುವ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ವಿಷಯವು ಅಷ್ಟು ಸರಳವಲ್ಲ. ಇಲ್ಲಿಯ ಹಳ್ಳಿಯ ಶಾಲೆಗೆ ಬರುವ ಮಗುವು ಹೊರಗಿನಿಂದಲೇ ಒಳಕ್ಕೆ ಬಂದುದು. ಮಂದೆಯ ಹಿಂದೆ ನಡೆದು ಬೆಳೆದ ಗೊಲ್ಲರಹಟ್ಟಿಯ ಹುಡುಗನಿಗೆ, ಯಾವ ಗಿಡಕ್ಕೆ ಮೇಕೆ ಬಾಯಿ ಹಾಕದು, ಯಾವ ಮೇವನ್ನು ಹಸಿಯಾಗಿ ತಿಂದರೆ ಕುರಿಯ ಹೊಟ್ಟೆ ಉಬ್ಬರಿಸುವುದು, ಕಾರೆಹಣ್ಣು ಎಂದು ಮಾಗುವುದು, ಗೌಜಲಹಕ್ಕಿಯು ಯಾವ ಪೊದೆಯಿಂದ ಕೂಗುವುದು ಎಂಬುದೆಲ್ಲವೂ ಗೊತ್ತು. ಕಡಲೆಕಾಯಿಯ ಹೊಲದಲ್ಲಿ ತಾಯಿಯೊಡನೆ ಕಳೆ ಕಿತ್ತ ಹುಡುಗಿಗೆ ಬೆಳೆಗೂ ಕಳೆಗೂ ಇರುವ ಭೇದವು ಎರಡೆಲೆಯ ಸಸಿಯಲ್ಲಿಯೇ ತಿಳಿಯುವುದು. ಇದೇ ಮಕ್ಕಳು ಅಕ್ಷರವನ್ನು ತಡವಿದಾಗ ಶಾಲೆಯು ಇವರನ್ನು ಮಂದರೆಂದು ಬರೆದುಕೊಳ್ಳುತ್ತದೆ. ಹೀಗೆ ಅವರ ಅರಿವನ್ನು ಮೊದಲ ದಿನವೇ ಪಾದರಕ್ಷೆಯಂತೆ ಬಾಗಿಲಾಚೆ ಬಿಡಿಸಿ, ನಾಲ್ಕೈದು ವರ್ಷಗಳ ಮೇಲೆ ಅದನ್ನೇ ಒಂದು ಕಾರ್ಯಕ್ರಮವೆಂಬ ಹೆಸರಿನಿಂದ, ಬಸ್ಸಿನಲ್ಲಿ ಕೂಡಿಸಿ, ಟೋಪಿಯನ್ನು ತೊಡಿಸಿ, ಮರಳಿ ಕೊಡುವುದು ಯಾವ ನ್ಯಾಯ? ಕೊಡುವವನು ಯಾರು, ಪಡೆಯುವವನು ಯಾರು ಎಂಬುದೇ ಇಲ್ಲಿರುವ ಧರ್ಮಪ್ರಶ್ನೆ.

ಹೊರಗೆ ಕುಳಿತ ಮಾತ್ರಕ್ಕೆ ಹೊರಗಿನ ಪಾಠವಾಗದೆಂಬುದಕ್ಕೆ ಸಮೀಪದ ದೃಷ್ಟಾಂತವುಂಟು. 2020ರಲ್ಲಿ ಮಹಾಮಾರಿಯ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ, ಆಗಸ್ಟಿನಲ್ಲಿ ಆರಂಭವಾದ ವಿದ್ಯಾಗಮವೆಂಬ ವ್ಯವಸ್ಥೆಯಲ್ಲಿ ಉಪಾಧ್ಯಾಯರು ದೇವಾಲಯದ ಪ್ರಾಕಾರದಲ್ಲಿ, ಅರಳಿಯ ಕಟ್ಟೆಯ ಮೇಲೆ, ಮರಗಳ ನೆರಳಿನಲ್ಲಿ ಮಕ್ಕಳನ್ನು ಕೂಡಿಸಿ ಕಲಿಸಿದರು. ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಕಷ್ಟಕಾಲದಲ್ಲಿ ಅವರು ಪಟ್ಟ ಶ್ರಮವು ಸ್ತುತ್ಯವೇ ಸರಿ. ಆದರೆ ಪಠ್ಯವು ಕಡಿದುಹೋಗದಂತೆ ನೋಡಿಕೊಳ್ಳುವುದೇ ಅದರ ಉದ್ದೇಶವಾಗಿದ್ದುದರಿಂದ ಮರವು ನೆರಳನ್ನು ಕೊಟ್ಟಿತೇ ಹೊರತು ಪಾಠದೊಳಕ್ಕೆ ಬರಲಿಲ್ಲ. ಶ್ವೇತಕೇತುವಿನ ತಂದೆಯು ಆಲದ ಹಣ್ಣನ್ನು ತರಿಸಿ, ಒಡೆಯಿಸಿ, ಬೀಜವನ್ನೂ ಒಡೆಯಿಸಿ, ಏನು ಕಾಣುತ್ತದೆಂದು ಕೇಳಿದ ರೀತಿಯೇ ಬೇರೆ. ಅಲ್ಲಿ ಹಣ್ಣಿಲ್ಲದೆ ಪಾಠವೇ ಇಲ್ಲ.

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮವನ್ನು ನೋಡಬಹುದು. ಅಲ್ಲಿ ಊರೊಳಗಿನ ಹುಣಸೆಯ ಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಗೂಡು ಕಟ್ಟಿ ಮರಿಮಾಡುತ್ತವೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನವರ ಮೂಲಕ ಈ ಸಂಗತಿಯು 1999ರಲ್ಲಿ ಹೊರಗಿನವರಿಗೆ ತಿಳಿಯಿತು. ಹಕ್ಕಿಗಳನ್ನು ಕಾಯುತ್ತಿದ್ದವರು ಮಾತ್ರ ಊರವರೇ. ಹಿಕ್ಕೆಯ ನಾತವನ್ನೂ ಗದ್ದಲವನ್ನೂ ಸಹಿಸಿ, ಕಲ್ಲೆಸೆಯುವ ಕೈಯನ್ನು ತಡೆದು ಅವರು ಕಾಯ್ದುದಕ್ಕೆ ಯಾವ ಪಠ್ಯಪುಸ್ತಕವೂ ಕಾರಣವಲ್ಲ. ಬಕವೆಂದರೆ ಮಕ್ಕಳಿಗೆ ಮೊದಲು ನೆನಪಾಗುವುದು ಪಂಚತಂತ್ರದ ಕಪಟಿ. ಒಂಟಿಕಾಲಿನಲ್ಲಿ ನಿಂತು ಮೀನುಗಳನ್ನು ವಂಚಿಸುವವನನ್ನು ಬಕಧ್ಯಾನಿಯೆನ್ನುವುದೂ ರೂಢಿಯಾಗಿಬಿಟ್ಟಿದೆ. ಬಿಸಿಲು ಏರಿದಾಗ ತಾಯಿಕೊಕ್ಕರೆಯು ಗೂಡಿನ ಅಂಚಿನಲ್ಲಿ ರೆಕ್ಕೆಗಳನ್ನು ಹರಡಿ ನಿಂತು ಮರಿಗಳಿಗೆ ನೆರಳು ಮಾಡುವುದನ್ನು ಒಮ್ಮೆ ಕಂಡ ಮಗುವು, ವಿಷ್ಣುಶರ್ಮನ ಕಥೆಯನ್ನು ಬಿಡಬೇಕಾಗಿಲ್ಲ, ಕಥೆಯ ಬಕ ಬೇರೆ, ಮರದ ಮೇಲಿನ ಬಕ ಬೇರೆಯೆಂದು ತಾನೇ ತಿಳಿದುಕೊಳ್ಳುತ್ತದೆ. ಪ್ರಾಣಿಗಳ ಮೇಲೆ ಮನುಷ್ಯನು ಹೊರಿಸಿದ ಗುಣದೋಷಗಳನ್ನು ಇಳಿಸಿ ನೋಡುವ ಈ ಅಭ್ಯಾಸಕ್ಕೆ ಸಮನಾದ ನೀತಿಪಾಠವು ದುರ್ಲಭ.

ಅಲ್ಲಿಗೆ ಬೇರೆ ಊರಿನ ಮಕ್ಕಳನ್ನು ಕರೆದೊಯ್ದಾಗ ಮಾತನಾಡತಕ್ಕವರು ಯಾರು? ಹಲಗೆಯ ಮೇಲಿನ ಬರಹವನ್ನು ಓದಿಹೇಳುವ ಉಪಾಧ್ಯಾಯನಿಗಿಂತ, ಆ ಮರದ ಕೆಳಗೆ ಆಡಿ ಬೆಳೆದ ಮೂರನೆಯ ತರಗತಿಯ ಹುಡುಗಿಯು ಹೆಚ್ಚು ಬಲ್ಲಳು. ಆ ಒಂದು ಹೊತ್ತು ಅವಳನ್ನು ಮುಂದೆ ನಿಲ್ಲಿಸಿ, ಉಪಾಧ್ಯಾಯನು ಮಕ್ಕಳ ಸಾಲಿನಲ್ಲಿ ಕುಳಿತರೆ ಅವನ ಗೌರವಕ್ಕೆ ಕುಂದಿಲ್ಲ. ಇನ್ನೊಂದು ಮಾತು: ನೂರಾರು ಮಕ್ಕಳನ್ನು ಒಮ್ಮೆಗೇ ತಂದು ಮರದ ಬುಡದಲ್ಲಿ ಕೂಗಾಡಿಸಿದರೆ ಹೆದರಿದ ಹಕ್ಕಿಯು ಗೂಡು ಬಿಟ್ಟೇಳುತ್ತದೆ, ಮರಿಗಳು ಬಿಸಿಲಿಗೆ ಬೀಳುತ್ತವೆ. ಮಕ್ಕಳ ಕಲಿಕೆಗೆಂದು ಹಕ್ಕಿಗೆ ಹಿಂಸೆ ಕೊಡುವ ಅಧಿಕಾರವು ಯಾರಿಗೂ ಇಲ್ಲ. ಇಪ್ಪತ್ತು ಮಂದಿ, ಅದೂ ದೂರದಲ್ಲಿ, ಸಾಕು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲು ಇನ್ನೊಂದು ಬಗೆಯ ಪಾಠಶಾಲೆ. 798 ಎಕರೆಗಳ ಆ ಪ್ರದೇಶವು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಕೃಷ್ಣಮೃಗವು ಸ್ವಭಾವತಃ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುವು ಎಲ್ಲೆಯನ್ನು ಹೇಳಿರುವನಷ್ಟೆ. ಆ ಅಳತೆಯಿಂದ ಮಧುಗಿರಿಯ ಬರಡು ಸೀಮೆಯವರು ಹೆಮ್ಮೆಪಡಬಹುದು. ಈ ಮೃಗಕ್ಕೆ ಬೇಕಾದುದು ಹುಲ್ಲಿನ ಬಯಲು. ದೂರದವರೆಗೆ ಕಾಣುವ ತೆರಪು, ಓಡಲು ಜಾಗ, ಕುರುಚಲು ಹುಲ್ಲು ಇವೇ ಅದರ ರಕ್ಷಣೆ. ಆದರೆ ಶಾಲೆಯಲ್ಲಿ ಮಕ್ಕಳಿಗೆ ಪ್ರಕೃತಿಯ ಹೆಸರಿನಲ್ಲಿ ಮೊದಲು ಕಲಿಸುವುದು ಸಸಿ ನೆಡುವುದನ್ನು. 1950ರಲ್ಲಿ ವನಮಹೋತ್ಸವವು ಆರಂಭವಾದಂದಿನಿಂದ ಮರವೆಂದರೆ ಪುಣ್ಯ, ಬಯಲೆಂದರೆ ಪಾಳು ಎಂಬ ಭಾವನೆಯು ಎಲ್ಲರಲ್ಲಿಯೂ ಬೇರೂರಿದೆ. ಹುಲ್ಲುಬಯಲುಗಳಿಗೆ ನೀಲಗಿರಿಯನ್ನು ತುಂಬಿದುದೂ ಆ ಭಾವನೆಯ ಫಲವೇ. ಮೈದನಹಳ್ಳಿಯ ಬಯಲಿನ ನಡುವೆ ನಿಂತ ಮಗುವಿಗೆ, ಇಲ್ಲಿ ಮರ ನೆಟ್ಟರೆ ಈ ಜಿಂಕೆಗೆ ಏನಾದೀತೆಂಬ ಒಂದು ಪ್ರಶ್ನೆಯನ್ನು ಹಾಕಿ ಸುಮ್ಮನಿದ್ದುಬಿಡಬೇಕು. ಒಳ್ಳೆಯದನ್ನು ಮಾಡುವೆನೆಂದು ಹೊರಟವನು ಕೆಡುಕನ್ನು ಮಾಡಬಹುದೆಂಬ ಕಠಿನವಾದ ತತ್ತ್ವವು ಏಳು ವರ್ಷದ ಮಗುವಿಗೂ ಅಲ್ಲಿ ಹೊಳೆಯುವ ಸಂಭವವುಂಟು.

ಈ ಸೀಮೆಯಲ್ಲಿ ಇದಕ್ಕಿಂತಲೂ ಉತ್ತಮವಾದ ಪಾಠವಸ್ತುವೆಂದರೆ ತಲಪರಿಗೆ. ಜಯಮಂಗಲಿಯು ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಮೂಲಕ ಹರಿದು ಉತ್ತರಪಿನಾಕಿನಿಯನ್ನು ಸೇರುವುದೆಂದು ಭೂಗೋಳವು ಹೇಳುತ್ತದೆ. ವರ್ಷದ ಬಹುಭಾಗ ಮಗುವು ಕಾಣುವುದು ಮರಳನ್ನು. ಆ ಮರಳಿನಲ್ಲಿಯೂ ಕೆರೆಯಂಗಳಗಳಲ್ಲಿಯೂ ಹಿರಿಯರು ಒರತೆಯನ್ನು ಗುರುತಿಸಿ, ತೋಡಿ, ಕಲ್ಲು ಕಟ್ಟಿ, ಕಾಲುವೆ ತೆಗೆದು, ಯಂತ್ರವೂ ಏತವೂ ಇಲ್ಲದೆ ನೀರು ತಾನೇ ಹೊಲಕ್ಕೆ ಹರಿಯುವಂತೆ ಮಾಡಿಕೊಂಡಿದ್ದರು. ಇದೇ ತಲಪರಿಗೆ. ಅಚ್ಚುಕಟ್ಟಿನವರೆಲ್ಲರೂ ಸೇರಿ ಹೂಳು ತೆಗೆಯಬೇಕು; ನೀರನ್ನು ಸರದಿಯ ಮೇಲೆ ಹಂಚಿಕೊಳ್ಳಬೇಕು; ತನ್ನ ಸರದಿ ತಪ್ಪಿಸಿದವನಿಗೆ ಊರಿನ ಮಾತು ಬೀಳುವುದು. ಕೊಳವೆಬಾವಿಗಳು ನೆಲದಾಳದ ನೀರನ್ನು ಎಳೆದುಕೊಂಡ ಮೇಲೆ ತಲಪರಿಗೆಗಳಲ್ಲಿ ಅನೇಕವು ಬತ್ತಿದುವು. ಕೆಲವು ಹೂಳಿನಲ್ಲಿ ಮುಚ್ಚಿಹೋದುವು. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಅಲ್ಲಲ್ಲಿ ಅವು ಮತ್ತೆ ಜಿನುಗುವುದನ್ನು ಕಂಡವರಿದ್ದಾರೆ.

ಒಂದು ತಲಪರಿಗೆಯ ಬಳಿಗೆ ಮಕ್ಕಳನ್ನು ಕರೆದೊಯ್ದರೆ ಅಲ್ಲಿ ನೀರಿನ ವಿಷಯವಿದೆ, ಮಣ್ಣಿನದಿದೆ, ಕಪ್ಪೆಯದಿದೆ, ಗಣಿತವೂ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಹಂಚಿಕೆಯ ನ್ಯಾಯವಿದೆ. ಆದರೆ ಅದನ್ನು ಹೇಳಬಲ್ಲವರು ಊರಿನ ಮುದುಕರು, ನೀರುಗಂಟಿಯ ಕೆಲಸ ಮಾಡಿದವರು. ಅವರಲ್ಲಿ ಹಲವರು ರುಜುವಿಗೆ ಹೆಬ್ಬೆಟ್ಟನ್ನು ಒತ್ತಿದವರು. ಶಾಲೆಯ ಅಂಗಳಕ್ಕೆ ಕರೆಯಬೇಕೆಂದು ಅವರ ವಿಷಯದಲ್ಲಿ ಯಾರಿಗೂ ತೋಚುವುದಿಲ್ಲ. ಸ್ವಾತಂತ್ರ್ಯದಿನದ ವೇದಿಕೆಯ ಮೇಲೆ ಅವರಿಗೆ ಕುರ್ಚಿಯಿಲ್ಲ. ಅವರು ಒಬ್ಬೊಬ್ಬರಾಗಿ ಹೋಗುತ್ತಿರುವಾಗ, ಯಾವ ಕಲ್ಲಿನ ಕೆಳಗೆ ಒರತೆಯಿದೆಯೆಂಬ ತಿಳಿವಳಿಕೆಯೂ ಅವರೊಡನೆ ಹೋಗುತ್ತಿದೆ. ಎಳೆಯರ ಹೊರಪಾಠವು ಈ ಕೊಂಡಿಯನ್ನು ಹಿಡಿದುಕೊಳ್ಳುವ ಕಡೆಯ ಅವಕಾಶವಾಗಿರಬಹುದು. ಅದು ತಪ್ಪಿದರೆ ಮಕ್ಕಳಿಗಷ್ಟೇ ಅಲ್ಲ, ನೀರಿಗಾಗಿ ಸಾವಿರ ಅಡಿ ಕೊರೆಯುತ್ತಿರುವ ಅವರ ತಂದೆಗಳಿಗೂ ನಷ್ಟ.

ಪಾವಗಡದ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕು? ತಿರುಮಣಿ, ವಳ್ಳೂರುಗಳ ಸುತ್ತ ಸುಮಾರು 13,000 ಎಕರೆಗಳಲ್ಲಿ ಸೌರಫಲಕಗಳು ಹರಡಿವೆ. ಆ ವಿದ್ಯುತ್ಕ್ಷೇತ್ರವು 2018ರ ಮಾರ್ಚಿಯಲ್ಲಿ ಉದ್ಘಾಟಿತವಾಯಿತು. ಭೂಮಿಯನ್ನು ಗೇಣಿಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳೆಂದು ಮೊದಲು ನಿಗದಿಯಾಗಿತ್ತು. ಭೂಮಿಯಿಲ್ಲದ ಕುರಿಗಾಹಿಗೆ ಗೇಣಿಯಿಲ್ಲ. ಅವನ ಮೇವಿನ ನೆಲವು ಬೇಲಿಯೊಳಗೆ ಸೇರಿತು. ಪ್ರಕೃತಿಪಾಠವೆಂದರೆ ಚೆಲುವಾದ ಬೆಟ್ಟವನ್ನು ತೋರಿಸುವುದೆಂದು ಭಾವಿಸಿದವರು ಈ ಬೇಲಿಯನ್ನು ಬಳಸಿಕೊಂಡು ಮುಂದೆ ಹೋಗುತ್ತಾರೆ. ಎಂಟು ವರ್ಷದ ಕೂಸಿನ ಮುಂದೆ ಅರ್ಥಶಾಸ್ತ್ರವನ್ನು ಬಿಚ್ಚಬೇಕಾಗಿಲ್ಲವೆಂಬುದು ನಿಜ. ಆದರೂ ಬೇಲಿಯ ಬಳಿ ನಿಂತು, ಸೂರ್ಯನು ಇಲ್ಲಿ ಏನು ಮಾಡುತ್ತಾನೆ, ಮೊದಲು ಇಲ್ಲಿ ಯಾರು ಮೇಯುತ್ತಿದ್ದರು ಎಂದು ಕೇಳಿದರೆ ಮಕ್ಕಳೇ ಉತ್ತರ ಹೇಳುತ್ತಾರೆ, ಏಕೆಂದರೆ ಅದು ಅವರ ಮನೆಯ ಸಮಾಚಾರ.

ಇಲ್ಲಿ ಎರಡು ಆಕ್ಷೇಪಣೆಗಳು ಬರತಕ್ಕವು. ಹೊರಗೆ ಹಾವುಂಟು, ತೆರೆದ ಬಾವಿಯುಂಟು, ಮಧುಗಿರಿಯ ಬಂಡೆಗಳಲ್ಲಿ ಹೆಜ್ಜೇನೂ ಉಂಟು. ಮಗುವಿಗೆ ಅಪಾಯವಾದರೆ ಹೊಣೆಯೆಲ್ಲವೂ ಒಬ್ಬ ಉಪಾಧ್ಯಾಯನ ತಲೆಗೆ. ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳಲ್ಲಿ ಈ ಭಯವು ನ್ಯಾಯವಾದುದೇ. ಅಂಥ ಕಡೆ ಊರ ತಾಯಂದಿರಿಬ್ಬರು ಜೊತೆಗೆ ಬರಬೇಕು; ದೂರದ ಪ್ರವಾಸವನ್ನು ಬಿಟ್ಟು ಶಾಲೆಯಿಂದ ಕಾಲು ಮೈಲಿಯ ಹುಣಸೆಯ ಮರವನ್ನೇ ತಿಂಗಳಿಗೊಮ್ಮೆ ನೋಡಿಬರಬೇಕು. ಒಂದೇ ಮರವನ್ನು ಹನ್ನೆರಡು ಬಾರಿ ನೋಡಿದವನಿಗೆ ತಿಳಿಯುವಷ್ಟು, ಹನ್ನೆರಡು ಸ್ಥಳಗಳನ್ನು ಒಂದೊಂದು ಬಾರಿ ನೋಡಿದವನಿಗೆ ತಿಳಿಯದು.

ಎರಡನೆಯದು ಇನ್ನೂ ತೂಕವುಳ್ಳುದು. ಕುರಿ ಕಾಯುವ ಹುಡುಗನ ಅರಿವನ್ನು ಹೀಗೆ ಹೊಗಳಿದರೆ, ಅವನು ಕುರಿಯ ಹಿಂದೆಯೇ ಇರಲಿ, ಶಾಲೆಯೇಕೆ ಎಂದಂತಾಗುವುದಿಲ್ಲವೆ? ತಲೆಮಾರುಗಳಿಂದ ಅಕ್ಷರವನ್ನು ತಪ್ಪಿಸಿಕೊಂಡವರ ಮಕ್ಕಳಿಗೆ ಈಗ ತಾನೇ ಬಾಗಿಲು ತೆರೆದಿದೆ. 2009ರ ಕಾನೂನು 6ರಿಂದ 14 ವರ್ಷದವರೆಗಿನ ಶಿಕ್ಷಣವನ್ನು ಅವರ ಹಕ್ಕಾಗಿ ಮಾಡಿತು. ಅವರನ್ನು ಮತ್ತೆ ಹೊಲಕ್ಕೆ ಹೊಗಳಿ ಕಳುಹಿಸುವುದು ಘೋರವಾದ ವಂಚನೆ. ಸತ್ಯಕಾಮನ ಕಥೆಯ ಉತ್ತರಾರ್ಧವನ್ನು ಇದಕ್ಕಾಗಿಯೇ ಮರೆಯಕೂಡದು. ಅವನು ಹಿಂದಿರುಗಿ ಬಂದನು. ಗೌತಮರಿಂದ ಕೇಳಬೇಕೆಂದು ಅವನೇ ಬಯಸಿದನು. ಗಿಡದ ಹೆಸರನ್ನು ಬಲ್ಲ ಹುಡುಗನಿಗೆ ಅದನ್ನು ಬರೆಯಲು ಕಲಿಸುವುದು, ಆ ಗಿಡವು ಬೇರೆ ಯಾವ ದೇಶದಲ್ಲಿ ಬೆಳೆಯುವುದು, ಅದರ ಎಲೆಯೊಳಗೆ ಏನು ನಡೆಯುವುದು ಎಂಬುದನ್ನು ತಿಳಿಸುವುದು ಉಪಾಧ್ಯಾಯನ ಕೆಲಸ. ಇದನ್ನು ಮಂದೆಯು ಮಾಡಲಾರದು.

ಈಗಿನ ಪರೀಕ್ಷಾಪದ್ಧತಿಯು ಇದಕ್ಕೆ ಎಷ್ಟು ಎಡೆಗೊಡುವುದೆಂಬುದನ್ನು ಒಂದು ಸಣ್ಣ ಉದಾಹರಣೆಯಿಂದ ಊಹಿಸಬಹುದು. ನೀರಿನ ಮೂಲಗಳನ್ನು ಹೆಸರಿಸೆಂದು ಪರಿಸರ ಅಧ್ಯಯನದಲ್ಲಿ ಪ್ರಶ್ನೆ ಬರುತ್ತದೆ. ನದಿ, ಕೆರೆ, ಬಾವಿ, ಕೊಳವೆಬಾವಿ ಎಂಬುವು ಉತ್ತರಸೂಚಿಯಲ್ಲಿರುತ್ತವೆ. ಕೊರಟಗೆರೆಯ ಕಡೆಯ ಒಬ್ಬ ಹುಡುಗಿಯು ತಲಪರಿಗೆಯೆಂದು ಬರೆದರೆ, ಅದು ಸೂಚಿಯಲ್ಲಿಲ್ಲ. ಸರಿಯೆನ್ನಬೇಕೋ ತಪ್ಪೆನ್ನಬೇಕೋ ಎಂಬುದನ್ನು ನಿರ್ಣಯಿಸುವ ಮೊದಲು ಉಪಾಧ್ಯಾಯನು ಕೆಂಪು ಶಾಯಿಯ ಲೇಖನಿಯನ್ನು ಕೆಳಗಿಟ್ಟು, ಅದು ಎಲ್ಲಿದೆಯೆಂದು ಅವಳನ್ನೇ ಕೇಳಬೇಕಾಗುತ್ತದೆ. ಬಿಡುವಾದ ಒಂದು ಸಂಜೆ ಅವಳ ಅಜ್ಜನೊಡನೆ ಹೊಳೆಯಂಗಳದವರೆಗೆ ನಡೆದುಹೋಗಬೇಕಾಗುತ್ತದೆ.