ಕೆರೆಯ ದಂಡೆಯ ಮನೆ

ನೀರಿನ ಬಳಿ ನೆಲೆಸಬೇಕೆಂಬ ಬಯಕೆ ಮನುಷ್ಯನಿಗೆ ಇಂದು ನಿನ್ನೆ ಬಂದುದಲ್ಲ. ರಾಮದುರ್ಗವು ಮಲಪ್ರಭೆಯ ದಂಡೆಯಲ್ಲಿ ಬೆಳೆದುದಕ್ಕೂ ಬೆಂಗಳೂರಿನ ಸಿರಿವಂತರು ಕೆರೆಯ ಅಂಚಿನಲ್ಲಿ ಮನೆ ಹುಡುಕುವುದಕ್ಕೂ ಮೂಲದಲ್ಲಿರುವುದು ಅದೇ ಬಯಕೆ. ಶ್ರೀಮಠದ ಪ್ರಸಾದನಿಲಯದಲ್ಲಿ ಓದಿ, ದೊಡ್ಡ ಹುದ್ದೆಗಳಿಗೇರಿ, ರಾಜಧಾನಿಯಲ್ಲಿ ಕೆರೆಗೆ ಮುಖ ಮಾಡಿದ ಮನೆ ಕೊಂಡ ನಮ್ಮ ಕಡೆಯ ಭಕ್ತರು ಕೆಲವರಿದ್ದಾರೆ. "ಅಪ್ಪಾರ, ನ್ಯಾಯದಿಂದ ದುಡಿದ ರೊಕ್ಕದಾಗ ತಗೊಂಡೀವ್ರಿ, ಇದರಾಗ ತಪ್ಪೇನೈತ್ರಿ?" ಎಂದು ಅವರು ಕೇಳುವುದುಂಟು.

ಸದ್ಭಕ್ತರೇ, ಕಾಯಕದಿಂದ ಬಂದ ಹಣದಲ್ಲಿ ಮನೆ ಕೊಳ್ಳುವುದು ದೋಷವಲ್ಲ. ಸೌಂದರ್ಯವನ್ನು ಬಯಸುವುದೂ ದೋಷವಲ್ಲ. ಮಠಗಳಿಗೆ ಬರುವ ಕಾಣಿಕೆಯಲ್ಲಿ ಇಂಥ ಬಡಾವಣೆಗಳ ಹಣವೂ ಸೇರಿರುವುದರಿಂದ ನಾವು ಹೊರಗೆ ನಿಂತು ಉಪದೇಶಿಸುವವರಂತೆ ಮಾತನಾಡಲಾಗದು. ಪ್ರಶ್ನೆ ಹಣದ್ದಲ್ಲ, ಕೊಂಡ ವಸ್ತುವಿನದು. ನೆಲ, ಗೋಡೆ, ಛಾವಣಿಗಳಿಗೆ ಬೆಲೆ ಕೊಟ್ಟುದು ಸರಿ. ಅದರ ಮೇಲೆ ಕೊಟ್ಟ ಹೆಚ್ಚಿನ ಬೆಲೆ ಯಾವುದಕ್ಕೆ? ಕಿಟಕಿಯಿಂದ ಕಾಣುವ ನೀರಿಗೆ. ಆ ನೀರು ಮಾರಿದವನದಲ್ಲ. ಆದುದರಿಂದ ಕೊಂಡವನದೂ ಆಗಲಿಲ್ಲ. ಖರೀದಿಪತ್ರದಲ್ಲಿ ಕೆರೆಯು ಬರುವುದು ಚಕ್ಕುಬಂದಿಯ ಒಂದು ದಿಕ್ಕಾಗಿ ಮಾತ್ರ.

ಬೆಂಗಳೂರಿನ ಕೆರೆಗಳು ತಾವಾಗಿ ಹುಟ್ಟಿದ ಸರೋವರಗಳಲ್ಲ. ಕಣಿವೆಗೆ ಅಡ್ಡಲಾಗಿ ಏರಿ ಕಟ್ಟಿ, ತೂಬು ಇರಿಸಿ, ಕೋಡಿ ಬಿಟ್ಟು, ಮೇಲಿನ ಕೆರೆ ತುಂಬಿ ಹರಿದ ನೀರು ಕೆಳಗಿನ ಕೆರೆಗೆ ಇಳಿಯುವಂತೆ ಜನರು ಮೈಮುರಿದು ಮಾಡಿದ ಸರಪಳಿ ಅದು. ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಭೂಮಿ ಬಿಟ್ಟುಕೊಟ್ಟ ಶಾಸನಗಳು ನಾಡಿನಲ್ಲಿ ಬೇಕಾದಷ್ಟಿವೆ. ನೀರುಗಂಟಿಯು ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದನು. ಅಗಸನಿಗೆ, ಬೆಸ್ತನಿಗೆ, ಕುಂಬಾರನಿಗೆ, ದನಗಾಹಿಗೆ ಅಲ್ಲಿ ಕೆಲಸವಿತ್ತು. 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯೂ ನಗರದ ನೀರಿನ ಅಗತ್ಯಕ್ಕೆಂದೇ ಕಟ್ಟಿದುದು. ಅದರ ಮಗ್ಗುಲಿನ ಸದಾಶಿವನಗರವು ಗಣ್ಯರ ಬಡಾವಣೆಯಾದುದು ಆಮೇಲಿನ ಮಾತು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬಂದಿತು. ಮುಂದೆ ತಿಪ್ಪಗೊಂಡನಹಳ್ಳಿಯಿಂದ, ಕಾವೇರಿಯಿಂದ ಬಂದಿತು. ನೀರು ದೂರದಿಂದ ಬರತೊಡಗಿದಂತೆ ಹತ್ತಿರದ ಕೆರೆಗೆ ಕೆಲಸವಿಲ್ಲದಾಯಿತು. ಧರ್ಮಾಂಬುಧಿ ಕೆರೆ ಬಸ್ಸಿನ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದವುಗಳಲ್ಲಿ ಕೆಲವು ಬರಿಯ ನೋಟವಾದವು.

ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕಟ್ಟಿಸಿದ ಕೆರೆ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಲೋಕಹಿತಕ್ಕಾಗಿ ಕೆರೆ ತೋಡಿಸುತ್ತಿದ್ದ ಅವರನ್ನು ಅಲ್ಲಮಪ್ರಭುಗಳು ಬಂದು ಕೆಣಕಿದ ಪ್ರಸಂಗವನ್ನು ಶೂನ್ಯಸಂಪಾದನೆ ಓದಿದವರೆಲ್ಲ ಬಲ್ಲರು. 'ನಾನು ಕಟ್ಟಿಸಿದೆ' ಎಂಬ ಭಾವವೂ ಬಂಧನವೇ ಎಂಬುದು ಆ ಪ್ರಸಂಗದಿಂದ ನಾವು ತಿಳಿದುಕೊಂಡಿರುವ ಅರ್ಥ. ಬೆವರು ಸುರಿಸಿದವರಿಗೇ ಆ ಮಾತು ಸಲ್ಲದಿದ್ದರೆ, ಕಿಟಕಿ ಕೊಂಡವನಿಗೆ 'ನಮ್ಮ ಕೆರೆ' ಎನ್ನುವ ಅಧಿಕಾರ ಎಲ್ಲಿಂದ ಬರಬೇಕು?

ನಿವಾಸಿಗಳು ಚಂದಾ ಕೂಡಿಸಿ ಬೇಲಿ ಹಾಕಿಸುತ್ತಾರೆ, ಕಸ ತೆಗೆಸುತ್ತಾರೆ. ಒಳ್ಳೆಯದೇ. ಇಂಥವರು ನ್ಯಾಯಾಲಯದ ಮೆಟ್ಟಿಲೇರಿದುದರಿಂದ ಕೆಲವು ಕೆರೆಗಳು ಉಳಿದುವು ಎಂಬುದನ್ನು ಮರೆಮಾಚಬಾರದು. ಆದರೆ ಆ ಬೇಲಿಯ ಬಾಗಿಲು ಹುಲ್ಲು ಕೊಯ್ಯುವವಳಿಗೆ ತೆರೆಯುವುದೇ? ಗಾಳ ಹಿಡಿದು ಬಂದವನಿಗೆ? ಅದೇ ಬಡಾವಣೆಯ ಗೋಡೆ ಕಟ್ಟಿ ಮಧ್ಯಾಹ್ನ ನೆರಳು ಹುಡುಕುವ ಗೌಂಡಿಗೆ? ವಾಯುವಿಹಾರದ ವೇಳೆಗೆ ಮಾತ್ರ ತೆರೆಯುವ ಕೆರೆ ಶುಚಿಯಾಗಿ ಉಳಿದೀತು, ಊರಿನದಾಗಿ ಉಳಿಯದು.

ಇದಕ್ಕಿಂತಲೂ ಗಹನವಾದುದು ಕಿಟಕಿಗೆ ಕಾಣದ ನೀರಿನ ವಿಚಾರ. ಮೇಲಿನ ಬಡಾವಣೆಗಳ ಕೊಳಚೆ ಇಳಿದಿಳಿದು ಬೆಳ್ಳಂದೂರು ಕೆರೆಯನ್ನು ಸೇರಿತು. 2015ರಲ್ಲಿಯೂ 2017ರಲ್ಲಿಯೂ ಆ ಕೆರೆಯಲ್ಲಿ ಬೆಂಕಿ ಎದ್ದಿತು. ನೀರಿನಲ್ಲಿ ಬೆಂಕಿಯೆಂದರೆ ನಮ್ಮ ಹಿರಿಯರು ಅದನ್ನು ಬೆಡಗಿನ ಮಾತೆಂದು ತಿಳಿಯುತ್ತಿದ್ದರು. ಅಲ್ಲಿಂದ ನೀರು ವರ್ತೂರು ಕೆರೆಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ, ಮುಂದೆ ತಮಿಳುನಾಡಿನ ಹೊಸೂರಿನ ಬಳಿಯ ಜಲಾಶಯಕ್ಕೆ ಹೋಗುತ್ತದೆ. ಮೇಲಿನವನು ಚೆಲ್ಲಿದುದನ್ನು ಕೆಳಗಿನ ರೈತನು ಬೆಳೆಗೆ ಹಾಯಿಸುತ್ತಾನೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದವರಲ್ಲ.

2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ಸುತ್ತ ಬಹುಕೋಟಿ ಬೆಲೆಯ ಮನೆಗಳಿಗೆ ನೀರು ನುಗ್ಗಿ ನಿವಾಸಿಗಳು ಟ್ರ್ಯಾಕ್ಟರುಗಳಲ್ಲಿ ಹೊರಬಂದಾಗ ನಮ್ಮ ಕಡೆ ಕೆಲವರು ನಕ್ಕರು. ನಗಬಾರದಾಗಿತ್ತು. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯ ತುಂಬಿ ಮಲಪ್ರಭೆಯು ರಾಮದುರ್ಗದೊಳಗೆ ಬಂದಾಗ ನೇಕಾರರ ಮಗ್ಗಗಳು ನೀರಿನಲ್ಲಿ ನಿಂತುದನ್ನು ಕಂಡವರು ನಾವು. ಎರಡೂ ಕಡೆ ನೀರು ತನ್ನ ಹಳೆಯ ದಾರಿಯನ್ನೇ ಹುಡುಕಿತು. ಆದರೆ ನೇಕಾರನು ಹೊಳೆಯ ಬದಿಯಲ್ಲಿದ್ದುದು ಬೇರೆ ಜಾಗ ಇಲ್ಲದುದಕ್ಕೆ. ಮುಳುಗಿದ ಮೇಲೆ ಅವನಿಗೆ ಪರಿಹಾರ ಕೇಂದ್ರ, ಇವರಿಗೆ ಹೋಟೆಲು.

ಮನೆ ಮಾರಿ ಬನ್ನಿರೆಂದು ನಾವು ಯಾರಿಗೂ ಹೇಳುವುದಿಲ್ಲ. ನೀವು ಮಾರಿದರೆ ಇನ್ನೊಬ್ಬರು ಕೊಳ್ಳುವರು, ಅಷ್ಟೇ. ಆದರೆ ದಂಡೆಯಲ್ಲಿ ವಾಸಿಸುವವನಿಗೆ ನೀರುಗಂಟಿಯ ಕೆಲಸದಲ್ಲಿ ಒಂದು ಪಾಲಾದರೂ ಬಂದೇ ಬರುತ್ತದೆ. ನಿಮ್ಮ ಕಟ್ಟಡದ ಕೊಳಚೆ ಶುದ್ಧಿಮಾಡುವ ಯಂತ್ರವು ರಾತ್ರಿಯೂ ನಡೆಯುವುದೋ, ವಿದ್ಯುತ್ತಿನ ಖರ್ಚು ಉಳಿಸಲು ನಿಲ್ಲುವುದೋ ವಿಚಾರಿಸಿರಿ. ನಿಮ್ಮ ವಾಹನಗಳು ನಿಲ್ಲುವ ಜಾಗ ಮೊದಲು ರಾಜಕಾಲುವೆಯಾಗಿತ್ತೇ ಎಂದು ಹಳೆಯ ನಕಾಶೆ ತರಿಸಿ ನೋಡಿರಿ. ಒಂದು ರವಿವಾರ ವಾಯುವಿಹಾರದ ಸುತ್ತನ್ನು ಬಿಟ್ಟು ಕೋಡಿಯ ದಿಕ್ಕಿನಲ್ಲಿ ನಡೆಯಿರಿ. ನಿಮ್ಮ ಕೆರೆಯ ನೀರು ಇಳಿಯುವ ಮುಂದಿನ ಊರಿನಲ್ಲಿ ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಕೇಳಿಕೊಂಡು ಬನ್ನಿರಿ.